ಎರಡೂ ಎಡಗೈ

"ಈ ಮುಖಾನ ಯಾರು ಹೀಗೆ ಕೆರೆದಿದ್ದು?"

ಪ್ರಶ್ನೆ ಮೆಲ್ಲಗೇ ಬಂತು. ಆದರೆ ಫೋಟೋ ಹಿಡಿದಿದ್ದ ಅವನ ಕೈ ಯಾಕೋ ನಡುಗುತ್ತಿತ್ತು.

ಅವಳು ತಬ್ಬಿಬ್ಬಾದಳು. ಒಳಗೆ ಬಂದು ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ. ಬನ್ನಿ ಅನ್ನೋದಿಲ್ಲ, ಕೂತ್ಕೊಳ್ಳಿ ಅನ್ನೋದಿಲ್ಲ... ಎಂಥಾ ಮನುಷ್ಯ ಇವನು!

"ನಮ್ಮಜ್ಜಿ," ಎಂದಳು ಗಲ್ಲ ಎತ್ತಿ. "ಹೊಲಿಗೆ ಸೂಜೀಲಿ. ಆ ಮುಖ ಕಂಡ್ರೆ ಊಟ ಸೇರಲ್ಲ ಅಂತಾರೆ."

ಅದು ಯುದ್ಧಕಾಲದಲ್ಲಿ ಅಂಚೆಯಲ್ಲಿ ಮನೆಗೆ ಬಂದಿದ್ದ ಫೋಟೋ. ಬಾಂಬರ್ ವಿಮಾನದ ರೆಕ್ಕೆಯ ಕೆಳಗೆ ಏಳು ಜನ ಹುಡುಗರು, ನಾಳೆ ಅನ್ನೋದು ತಮ್ಮ ಜೇಬಿನಲ್ಲೇ ಇದೆ ಎನ್ನುವ ಹಾಗೆ ನಗುತ್ತಾ ನಿಂತಿದ್ದರು. ತುದಿಯಲ್ಲಿ ಕಣ್ಣು ಕಿರಿದು ಮಾಡಿ ನಿಂತವನು ಅವಳ ಅಜ್ಜಿಯ ಅಣ್ಣ. ವಿಮಾನದ ಬಾಲದಲ್ಲಿ ಒಬ್ಬನೇ ಕೂತು ಬಂದೂಕು ಹಿಡಿಯುವುದು ಅವನ ಕೆಲಸ. ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕದಲ್ಲಿ ನಿಂತವನು ಪೈಲಟ್.

ಪೈಲಟ್‌ಗೆ ಮುಖವೇ ಇರಲಿಲ್ಲ. ಅಲ್ಲೊಂದು ಬಿಳಿ ಗಾಯ ಮಾತ್ರ ಇತ್ತು.

"ಯಾಕೆ ಅಷ್ಟು ಸಿಟ್ಟು?" ಅವನು ತಲೆ ಎತ್ತಲಿಲ್ಲ.

"ಅವತ್ತು ರಾತ್ರಿ ವಿಮಾನ ಬೀಳೋವಾಗ ಆಕಾಶದಿಂದ ಒಂದೇ ಒಂದು ಬಿಳಿ ಕೊಡೆ ಇಳಿದಿದ್ದನ್ನ ಜನ ನೋಡಿದ್ರಂತೆ. ಪೈಲಟ್ ಹಾರಿಕೊಂಡು ಜೀವ ಉಳಿಸ್ಕೊಂಡ, ಉಳಿದೋರನ್ನ ಬಿಟ್ಟು ತಲೆಮರೆಸ್ಕೊಂಡು ಹೋದ ಅಂತ ಎಲ್ಲರೂ ಮಾತಾಡ್ಕೊಂಡ್ರು. ನಮ್ಮಜ್ಜಿ ಆಗ ಪುಟ್ಟ ಹುಡುಗಿ. ಅವತ್ತಿಂದ ಇವತ್ತಿನವರೆಗೂ ಒಂದೇ ಪ್ರಶ್ನೆ... ನಮ್ಮಣ್ಣನ್ನ ಒಬ್ಬನ್ನೇ ಬಿಟ್ಟು ಹೋದ್ರಾ?"

ಅವನು ಫೋಟೋವನ್ನು ಮೇಜಿನ ಮೇಲಿಟ್ಟ. ಮಗು ಮಲಗಿಸುವಷ್ಟು ನಿಧಾನವಾಗಿ.

ಊರಾಚೆಯ ಆಳದ ಕೆರೆಯನ್ನು ರಿಪೇರಿಗೆಂದು ಖಾಲಿ ಮಾಡಿದಾಗ ಆ ವಿಮಾನ ಸಿಕ್ಕಿತ್ತು. ಸಂಬಂಧಿಕರು ಯಾರಾದರೂ ಇದ್ದರೆ ಬರಲಿ ಎಂದು ಮ್ಯೂಸಿಯಂನವರು ಪತ್ರಿಕೆಯಲ್ಲಿ ಹಾಕಿಸಿದ್ದರು. ಅದನ್ನು ಓದಿಯೇ ಅವಳು ಓಡಿ ಬಂದಿದ್ದು. ಮ್ಯೂಸಿಯಂ ಹಿಂದಿನ ಈ ಶೆಡ್ಡಿನಲ್ಲಿ ಉದ್ದಕ್ಕೂ ನೀರಿನ ತೊಟ್ಟಿಗಳು, ಅವುಗಳಲ್ಲಿ ಮುಳುಗಿದ ತುಣುಕುಗಳು. ಗೋಡೆಗೆ ಸಾಲಾಗಿ ನೇತುಹಾಕಿದ ಬ್ರಷ್ಷುಗಳು. ಹಸಿ ಕೆಸರಿನ ವಾಸನೆ.

ಕೆಲಸದವರೆಲ್ಲ ಅವನನ್ನು ಕರೆಯುತ್ತಿದ್ದದ್ದು 'ತುಕ್ಕಿನ ಡಾಕ್ಟರ್' ಅಂತ.

"ಆ ಕೆಸರಿಗೆ ಒಂದು ವಿಚಿತ್ರ ಗುಣ," ಎಂದ ಅವನು. "ಮೂಳೆ ಕರಗಿಸಿಬಿಡುತ್ತೆ. ಉಣ್ಣೆ, ತೊಗಲು, ಬಟ್ಟೆ ಎಲ್ಲಾ ಕಾಪಾಡುತ್ತೆ. ಮನುಷ್ಯರು ಸಿಗಲ್ಲ. ಅವರು ತೊಟ್ಟಿದ್ದು, ಹಿಡಿದಿದ್ದು ಸಿಗಬಹುದು."

"ಎಷ್ಟು ದಿನ ಆಗುತ್ತೆ?"

"ಅವಸರ ಮಾಡಿದ್ರೆ ಎಲ್ಲಾ ಪುಡಿ. ಕಾಯ್ತೀರಾ?"

ಮೊದಲ ಸಲ ಅವನು ಅವಳನ್ನು ನೇರವಾಗಿ ನೋಡಿದ. ಆ ಕಣ್ಣಿನಲ್ಲಿ ಏನೋ ಬೇಡಿಕೆ ಇತ್ತು. ಏನಂತ ಅವಳಿಗೆ ತಿಳಿಯಲಿಲ್ಲ. ಎದೆ ಮಾತ್ರ ಸುಮ್ಮನೆ ಒಮ್ಮೆ ಹೊಡೆದುಕೊಂಡಿತು.

'ಛೆ, ಏನಿದು! ನಾನು ಬಂದಿರೋದು ಅಜ್ಜಿ ಕೆಲಸಕ್ಕೆ!'

*

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಗೆ ಹೋಗುವ ಬಸ್ಸು ಬಿಟ್ಟು ಮ್ಯೂಸಿಯಂ ಬಸ್ಸು ಹತ್ತುವುದು ಅಭ್ಯಾಸವಾಯಿತು. ಅವನು ಬ್ರಷ್ ಹಿಡಿಯುವುದನ್ನು ಕಲಿಸಿದ. ಅವಳು ಅವನಿಗೊಂದು ಭೂತಗನ್ನಡಿ ತಂದುಕೊಟ್ಟಳು.

"ಒತ್ತಬೇಡಿ. ಕೆಸರು ತಾನಾಗೇ ಬಿಟ್ಟುಕೊಡೋವರೆಗೂ ನೀರು ಬಿಡ್ತಾ ಇರಿ."

"ನಿಮಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು?"

"ಕೆಸರಿನ ಹತ್ತಿರ ಮಾತ್ರ. ಬಸ್ಸು ಲೇಟಾದ್ರೆ ಡ್ರೈವರ್‌ಗೆ ಹಿಡಿಶಾಪ ಹಾಕ್ತೀನಿ."

"ನಾನು ಬರೋ ಬಸ್ಸಿಗಾ?"

ಅವನು ಬಗ್ಗಿ ಬ್ರಷ್ಷನ್ನು ನೀರಿಗದ್ದಿದ. ಕಿವಿ ಕೆಂಪಾಯಿತು, ಅಷ್ಟೇ. ಆದರೂ ಕೆಲವೊಮ್ಮೆ ಏನೋ ಹೇಳಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡು ಬ್ರಷ್ ತೊಳೆಯಲು ಹೋಗಿಬಿಡುತ್ತಿದ್ದ.

ಬಾಲದ ಭಾಗದ ಕೆಸರಿನಲ್ಲಿ ಒಂದು ಸಂಜೆ ಅದು ಸಿಕ್ಕಿತು. ಉಣ್ಣೆಯ ಕೈಗವಸು. ಅಗಲವಾದ ಪಟ್ಟೆ. ಎಡಗೈಯದು.

ಅವಳು ಅದರ ಫೋಟೋ ತೆಗೆದು ಮನೆಗೆ ಓಡಿದಳು. ಅಜ್ಜಿ ಹಾಸಿಗೆಯಲ್ಲಿ ಎದ್ದು ಕೂತು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದಳು.

"ಗುಬ್ಬೀ... ಇದು ನಾನು ಹೆಣೆದಿದ್ದು ಕಣೇ!"

"ಖಂಡಿತಾನಾ ಅಜ್ಜಿ?"

"ನನ್ನ ತಪ್ಪು ನನಗೆ ಗೊತ್ತಾಗಲ್ವೇನೇ? ಮೂರನೇ ಪಟ್ಟೆ ಸೊಟ್ಟಗಿದೆ ನೋಡು." ಅಜ್ಜಿ ಅಳುತ್ತಲೇ ನಕ್ಕಳು. "ಮೊದಲ್ನೇ ಸಲ ಹೆಣೆದಿದ್ದು. ಒಂದಾಯ್ತು, ಅದನ್ನೇ ನೋಡ್ಕೊಂಡು ಇನ್ನೊಂದು ಹೆಣೆದೆ. ಎರಡೂ ಎಡಗೈಗೇ ಆಗಿಬಿಟ್ವು! ನಾನು ಅತ್ತೂ ಅತ್ತೂ ಸಾಕಾದೆ. ನಮ್ಮಣ್ಣ ಎರಡನ್ನೂ ಜೇಬಿಗೆ ಹಾಕ್ಕೊಂಡು, 'ಬಿಡೇ ಪುಟ್ಟಿ, ಇದಕ್ಕೂ ಒಂದು ದಾರಿ ಇದೆ' ಅಂದು ಹೋದ."

"ಏನು ದಾರಿ?"

"ಹೇಳೋಕೆ ವಾಪಸ್ ಬರಲಿಲ್ಲವಲ್ಲ..."

ಹಾಗಾದರೆ ಇನ್ನೊಂದು ಎಡಗೈ ಎಲ್ಲಿ? ಬಾಲದ ತುಣುಕನ್ನೆಲ್ಲ ತೊಳೆದು ನೋಡಿದರೂ ಅದು ಸಿಗಲಿಲ್ಲ.

*

ಮರುವಾರ ಅವಳು ಶೆಡ್ಡಿಗೆ ಬಂದಾಗ ಅವನು ಇರಲಿಲ್ಲ. ಸ್ಟೂಲಿನ ಮೇಲೆ ಒಬ್ಬ ಹೆಂಗಸು ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಓ, ನೀನೇನಾ ಆ ಕನ್ನಡಕದ ಹುಡುಗಿ! ನಾನು ಅವನ ಅಮ್ಮ. ಡಬ್ಬಿ ಬಿಟ್ಟು ಬಂದಿದ್ದಾನೆ ನೋಡು. ಇತ್ತೀಚೆಗೆ ಮೈಮೇಲೆ ಜ್ಞಾನವೇ ಇಲ್ಲ. ಮನೇಲಿ ಬರೀ ನಿಂದೇ ಮಾತು!"

ಅವಳ ಮುಖ ಅರಳಿತು. ನಾಚಿಕೆಯಿಂದ ಬ್ಯಾಗಿನ ಪಟ್ಟಿ ತಿರುವಿದಳು.

"ನಿಮ್ಮವರೂ ಇದೇ ವಿಮಾನದಲ್ಲಿದ್ರಂತಲ್ಲ," ಎಂದರು ಅಮ್ಮ, ದನಿ ಇಳಿಸಿ. "ಎಂಥಾ ಋಣಾನುಬಂಧ ನೋಡಮ್ಮಾ. ಇದನ್ನ ಓಡಿಸ್ತಿದ್ದೋರು ನಮ್ಮ ಮಾವನ ಅಣ್ಣ. ಇವನಿಗೆ ದೊಡ್ಡ ತಾತ."

ಅವಳ ಕೈಯಿಂದ ಬ್ಯಾಗಿನ ಪಟ್ಟಿ ಜಾರಿತು.

ಪೈಲಟ್! ಕೆರೆದ ಮುಖ! ಅವತ್ತು ನಡುಗಿದ ಕೈ!

ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಎರಡು ಕಾಫಿ ಲೋಟ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲಾ ಅರ್ಥವಾಯಿತು.

"ನಾನೇ ಹೇಳ್ಬೇಕಂತಿದ್ದೆ..."

"ಯಾವಾಗ?" ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಮ್ಮಜ್ಜಿ ಕಣ್ಮುಚ್ಚಿದ ಮೇಲಾ? ಪೂರ್ತಿ ತೊಳೆದು, ಬೇಡದ್ದನ್ನೆಲ್ಲ ಬಚ್ಚಲಿಗೆ ಹರಿಸಿದ ಮೇಲಾ?"

"ಒಂದು ತುಣುಕೂ ನಾನು..."

"ನೀವು ತೊಳೀತಿರೋದು ವಿಮಾನ ಅಲ್ಲ. ನಿಮ್ಮ ಮನೆ ಮರ್ಯಾದೆ!"

ಅಮ್ಮನ ಕೈಯಲ್ಲಿದ್ದ ಡಬ್ಬಿ ಠಣ್ಣೆಂದು ಕೆಳಗೆ ಬಿತ್ತು. ಅವಳು ತಿರುಗಿ ನೋಡದೆ ಹೊರಟುಬಿಟ್ಟಳು. ಬಸ್ಸಿನ ಕಿಟಕಿಗೆ ಹಣೆ ಆನಿಸಿ ಅತ್ತಳು. ಅಜ್ಜಿಗೆ ಮೋಸವಾಯಿತು ಅಂತ ಅತ್ತಳೋ, ಆ ಕೆಂಪು ಕಿವಿಯನ್ನು ಇನ್ನು ನೋಡುವಂತಿಲ್ಲ ಅಂತ ಅತ್ತಳೋ... ಅವಳಿಗೇ ಗೊತ್ತಾಗಲಿಲ್ಲ.

ವಿಷಯ ಕೇಳಿ ಅಜ್ಜಿ ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟಳು. "ಆ ಮನೆ ಹುಡುಗನ ಹೆಸರು ಈ ಮನೇಲಿ ಬೇಡ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

*

ಅಂಗಡಿಯ ಗಂಟೆ ಕಿಣಿಕಿಣಿ ಎಂದಿತು. ಅವಳು ತಲೆ ಎತ್ತಿದಳು. ಅವನು! ಗಡ್ಡ ಬಿಟ್ಟಿದ್ದ. ಕಣ್ಣು ಗುಳಿಬಿದ್ದಿತ್ತು.

"ಕಣ್ಣು ತೋರಿಸ್ಬೇಕಿತ್ತು," ಎಂದ.

"ಇವತ್ತು ಆಗಲ್ಲ."

"ಯಾಕಾಗಲ್ಲ?" ಅಂಗಡಿ ಯಜಮಾನರು ಒಳಗಿನಿಂದಲೇ ಕೂಗಿದರು. "ಬಂದ ಗಿರಾಕೀನ ಓಡಿಸ್ತೀಯಲ್ಲಮ್ಮಾ! ಕೂರಿಸು, ಕೂರಿಸು."

ಅವಳು ಹಲ್ಲು ಕಚ್ಚಿ ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಒಂದು ಕಣ್ಣಿಗೆ ಮರೆ ಕಟ್ಟಿದಳು. "ಬೋರ್ಡ್ ಓದಿ."

ಅವನು ಬೋರ್ಡ್ ಓದಲಿಲ್ಲ.

"ಪೈಲಟ್ ಸೀಟು ಸಿಕ್ಕಿದೆ."

ಅವಳ ಕೈ ನಿಂತಿತು.

"ದೊಡ್ಡ ಕೆಸರಿನ ಮುದ್ದೆ. ಒಳಗೇನಿದೆ ಅಂತ ನಂಗೂ ಗೊತ್ತಿಲ್ಲ. ತಂದ ಹಾಗೇ ನೀರಲ್ಲಿ ಮುಳುಗಿಸಿಟ್ಟಿದ್ದೀನಿ. ಒಂದು ಬೆರಳೂ ತಾಗಿಸಿಲ್ಲ. ಅದನ್ನ ನೀವೇ ತೊಳೀಬೇಕು. ಅಜ್ಜಿ ಎದುರಿಗೆ."

"ಸೀಟು ಖಾಲಿ ಇದ್ರೆ?"

"ಪೈಲಟ್‌ಗಳು ಪ್ಯಾರಾಚೂಟಿನ ಮೂಟೆ ಮೇಲೇ ಕೂತಿರ್ತಿದ್ರು, ದಿಂಬಿನ ಥರ. ಹಾರಿದ್ರೆ ಅದೂ ಅವರ ಜೊತೆ ಹೋಗಿರುತ್ತೆ." ಅವನು ಕುರ್ಚಿಯ ತೋಳು ಹಿಡಿದ. "ಅಲ್ಲಿ ಮೂಟೆ ಇಲ್ಲದಿದ್ರೆ... ನಮ್ಮನೆ ಗೋಡೆ ಮೇಲಿರೋ ತಾತನ ಫೋಟೋನ ನಾನೇ ಇಳಿಸ್ತೀನಿ. ಆಮೇಲೆ ನಿಮ್ಮ ಕಣ್ಣಿಗೆ ಬೀಳಲ್ಲ."

ಮರೆ ಕಟ್ಟದ ಕಣ್ಣಿನಿಂದ ಒಂದು ಹನಿ ಇಳಿಯಿತು.

"ಮೊದಲ್ನೇ ದಿನಾನೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಎರಡ್ನೇ ದಿನ ಬರ್ತಿದ್ರಾ?"

ಅವಳು ಅವನ ಕಣ್ಣಿನ ಮರೆ ಬಿಚ್ಚಿದಳು.

*

ಅಜ್ಜಿಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಅವರ ಮನೆಯವನ ಮುಖ ನೋಡಬೇಕಾ ನಾನು?" ಎಂದು ಹಟ ಹಿಡಿದಳು. ಕೊನೆಗೆ, "ಸೀಟು ಖಾಲಿ ಇರೋದನ್ನ ಕಣ್ಣಾರೆ ನೋಡಿ ಬರ್ತೀನಿ," ಎಂದು ತಾನೇ ಚಪ್ಪಲಿ ಹುಡುಕಿದಳು.

ಶೆಡ್ಡಿನಲ್ಲಿ ಅಜ್ಜಿಗೆ ಕುರ್ಚಿ ಹಾಕಿಸಿದರು. ಎದುರಿಗೆ ಅವನ ಅಮ್ಮ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅವನು ದೂರದ ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ ನಿಂತ.

ಅವಳು ತೋಳು ಮಡಿಸಿ ತೊಟ್ಟಿಯ ಮುಂದೆ ಮಂಡಿಯೂರಿದಳು.

ಒತ್ತಬೇಡ. ನೀರು ಬಿಡ್ತಾ ಇರು. ತಾನಾಗೇ ಬಿಟ್ಟುಕೊಡೋವರೆಗೂ...

ಮೊದಲು ಸೀಟಿನ ಅಂಚು ಕಂಡಿತು. ಆಮೇಲೆ ಬೆಲ್ಟು. ಬೆಲ್ಟಿನ ಕೊಂಡಿ... ಹಾಕಿಯೇ ಇತ್ತು!

ಅದರ ಕೆಳಗೆ, ಕಪ್ಪಾಗಿ, ಚಪ್ಪಟೆಯಾಗಿ, ಮಡಿಕೆ ಬಿಚ್ಚದ ಒಂದು ಮೂಟೆ.

ಅವಳು ತಿರುಗಿ ಅವನನ್ನು ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಇದೆ," ಎಂದಳು. "ಮೂಟೆ ಇದೆ ರೀ. ಬಿಚ್ಚೇ ಇಲ್ಲ. ಅವರು... ಎದ್ದೇ ಇಲ್ಲ."

ಅವನ ಅಮ್ಮ ಸೆರಗು ಬಾಯಿಗೊತ್ತಿಕೊಂಡರು.

"ಹಾಗಾದ್ರೆ ಆ ಬಿಳಿ ಕೊಡೆ?" ಅಜ್ಜಿ ಕುರ್ಚಿಯ ಅಂಚಿಗೆ ಸರಿದಳು.

"ಕತ್ತಲಲ್ಲಿ ಬೆಳಕಿಗೆ ಅಂತ ವಿಮಾನದಿಂದ ಉರಿಯೋ ದೀಪ ಬಿಡ್ತಿದ್ರು, ಅಜ್ಜಿ," ಅವನು ಮೆಲ್ಲಗೆ ಹೇಳಿದ. "ಅದಕ್ಕೂ ಒಂದು ಪುಟ್ಟ ಪ್ಯಾರಾಚೂಟ್ ಇರ್ತಿತ್ತು. ಅದನ್ನೇ ನೋಡಿರಬಹುದು. ಖಚಿತವಾಗಿ ನಾನು ಹೇಳಲಾರೆ."

ಅವಳ ಬ್ರಷ್ ನಿಂತಿರಲಿಲ್ಲ. ಸೀಟಿನ ಮುಂದೆ ವಿಮಾನ ತಿರುಗಿಸುವ ಹಿಡಿಕೆ ಇತ್ತು. ಅದರ ಎಡಬದಿಗೆ ಏನೋ ಅಂಟಿಕೊಂಡಿತ್ತು. ನೀರು ಬಿಟ್ಟಳು. ಒಂದು ಪಟ್ಟೆ. ಎರಡು ಪಟ್ಟೆ.

ಮೂರನೆಯದು ಸೊಟ್ಟಗಿತ್ತು.

"ಅಜ್ಜೀ!"

ಉಣ್ಣೆಯ ಬೆರಳುಗಳು ಹಿಡಿಕೆಯನ್ನು ಸುತ್ತಿ ಹಿಡಿದೇ ಇದ್ದವು. ಇಷ್ಟು ವರ್ಷ ನೀರಿನಡಿ ಬಿದ್ದಿದ್ದರೂ ಬಿಟ್ಟಿರಲಿಲ್ಲ.

ಅಜ್ಜಿ ಎದ್ದು ಬಂದಳು. ಬಾಗಿ ನೋಡಿದಳು. ಕೊನೆಯವರೆಗೂ ವಿಮಾನವನ್ನು ಎತ್ತಲು ಹೆಣಗಿದ ಆ ಕೈಯನ್ನು ಒಂದೇ ಬೆರಳಿನಿಂದ ಮುಟ್ಟಿದಳು.

"ಇದೇನಾ ಅಣ್ಣಾ ನಿನ್ನ ದಾರಿ..." ಬಿಕ್ಕಿದಳು. "ಒಂದು ನೀನು ಹಾಕ್ಕೊಂಡು, ಇನ್ನೊಂದು ಇವನಿಗೆ ಕೊಟ್ಟೆಯಾ? ಗುಬ್ಬೀ, ಫೋಟೋ ತಾರೇ! ನಿನ್ನ ಗಾಜೂ ಕೊಡು!"

ಅಜ್ಜಿ ಫೋಟೋದ ಮೇಲೆ ಭೂತಗನ್ನಡಿ ಹಿಡಿದಳು. ಅಣ್ಣನ ಹೆಗಲ ಮೇಲಿದ್ದ ಪೈಲಟ್‌ನ ಕೈ. ಹೆಗಲಂಚಿನಲ್ಲಿ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಆ ತುದಿಗಳ ಮೇಲೆ ಕಂಡೂ ಕಾಣದ ಪಟ್ಟೆ!

ಊರಿಗೆಲ್ಲ ಕನ್ನಡಕ ಹಾಕುವ ಮೊಮ್ಮಗಳೂ ಅದನ್ನು ನೋಡಿರಲಿಲ್ಲ. ಮುಖ ಕೆರೆದವಳಂತೂ ಆ ಕಡೆ ಕಣ್ಣೇ ಹಾಯಿಸಿರಲಿಲ್ಲ.

"ಬಾರಪ್ಪಾ ಇಲ್ಲಿ," ಅಜ್ಜಿ ಕರೆದಳು. ಅವನು ಬಂದು ಅವಳ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತ. "ನಿಮ್ಮ ದೊಡ್ಡ ತಾತನ ಮುಖ ಹೇಗಿತ್ತು? ನಂಗೆ ಮರೆತೇಹೋಗಿದೆ."

"ನನ್ನ ಥರಾನೇ ಅಂತಾರೆ ಅಜ್ಜಿ."

ಅಜ್ಜಿ ಎರಡೂ ಕೈಯಿಂದ ಅವನ ಮುಖ ಹಿಡಿದಳು. ಹಣೆ, ಹುಬ್ಬು, ಕೆನ್ನೆ... ಸೂಜಿಯಿಂದ ಕೆರೆದದ್ದನ್ನೆಲ್ಲ ಬೆರಳಿನಿಂದ ಸವರಿ ತುಂಬುವವಳಂತೆ.

"ಒಳ್ಳೆ ಮುಖ," ಎಂದಳು. ಆಮೇಲೆ ಮೊಮ್ಮಗಳ ಕಡೆ ವಾರೆನೋಟ ಬೀರಿ, "ಏನೇ ಗುಬ್ಬಿ, ಈ ಮುಖ ಇದ್ರೆ ಊಟ ಸೇರುತ್ತಾ ನಿಂಗೆ?"

"ಅಜ್ಜೀ!!"

ಅವನ ಅಮ್ಮ ಅಳುತ್ತಲೇ ನಕ್ಕುಬಿಟ್ಟರು.

*

ಚಳಿಗಾಲ ಬಂದಾಗ ಕೆರೆಗೆ ಮತ್ತೆ ನೀರು ತುಂಬಿತ್ತು. ಏಳು ಹುಡುಗರಿಗೆಂದು ದಡದಲ್ಲಿ ಒಂದು ಕಲ್ಲು ನೆಟ್ಟಿದ್ದರು. ಅವರಿಬ್ಬರೂ ಅದರ ಪಕ್ಕ ಕೂತಿದ್ದರು.

"ಅವತ್ತು ಹಾಗೆ ಅಂದುಬಿಟ್ಟೆ," ಎಂದಳು ಅವಳು. "ಮನೆ ಮರ್ಯಾದೆ ತೊಳೀತಿದ್ದೀರಿ ಅಂತ. ಕ್ಷಮಿಸ್ತೀರಾ?"

"ಮುಚ್ಚಿಟ್ಟಿದ್ದು ನನ್ನದೂ ತಪ್ಪೇ. ನೀನು... ಅಲ್ಲ, ನೀವು..."

"ನೀನು ಅಂತಾನೇ ಇರಲಿ."

ಅವನ ಕಿವಿ ಕೆಂಪಾಯಿತು. ಅವಳಿಗೆ ಎಷ್ಟು ದಿನದಿಂದ ಬೇಕಾಗಿದ್ದ ಕೆಂಪು!

ಅವಳು ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದಳು. ಒಳಗೆ ಪಟ್ಟೆಪಟ್ಟೆಯ ಕೈಗವಸುಗಳು. "ಅಜ್ಜಿ ಕಲಿಸಿಕೊಟ್ರು. ನಾನೇ ಹೆಣೆದೆ."

ಅವನು ಒಂದನ್ನು ತೊಟ್ಟ. ಇನ್ನೊಂದನ್ನು ತಿರುಗಿಸಿ, ಮುರುಗಿಸಿ ನೋಡಿದ. "ಇದೂ ಎಡಗೈದೇ ಅಲ್ವಾ?"

"ಹೂಂ. ಅದು ನಂದು." ಅವನ ಕೈಯಿಂದ ಕಿತ್ತು ತಾನು ತೊಟ್ಟುಕೊಂಡಳು.

"ಮತ್ತೆ ಬಲಗೈಗೆ ಚಳಿಯಾದ್ರೆ?"

"ಯಾರ ಬಲಗೈಗೆ?"

"ನಿನ್ನ ಬಲಗೈಗೆ."

"ಅದನ್ನ ನಾನ್ಯಾಕೆ ಯೋಚಿಸ್ಲಿ..." ಅವಳು ನೀರಿನ ಕಡೆ ಮುಖ ತಿರುಗಿಸಿದಳು. "ಹಿಡ್ಕೊಳ್ಳೋರು ಇಷ್ಟು ಹತ್ತಿರ ಕೂತಿರೋವಾಗ."

ಅವನು ಹಿಡಿದುಕೊಂಡ. ಒತ್ತಲಿಲ್ಲ. ಅವಳ ಬೆರಳುಗಳು ತಾವಾಗೇ ಬಿಟ್ಟುಕೊಟ್ಟು ಅವನ ಬೆರಳುಗಳಲ್ಲಿ ಹೆಣೆದುಕೊಳ್ಳುವವರೆಗೂ ಕಾದ.