ಕೊಲ್ಲದ ಬ್ಯಾಕ್ಟೀರಿಯಾ

ಫ್ರೀಜರಿನಿಂದ ತೆಗೆದ ಬ್ಯಾಕ್ಟೀರಿಯಾ ಕೊಲ್ಲಲಿಲ್ಲ.

ಗಾಜಿನ ತಟ್ಟೆಯ ತುಂಬ ರೋಗಾಣು ಹಾಲಿನ ಕೆನೆಯಂತೆ ಹಬ್ಬಿತ್ತು. ಯಾವ ಔಷಧಿಗೂ ಬಗ್ಗದೆ, ಶಸ್ತ್ರಚಿಕಿತ್ಸೆಯ ಗಾಯಕ್ಕೆ ತಗುಲಿ ಜೀವ ತೆಗೆಯುವ ರೋಗಾಣು ಅದು. ಅದನ್ನು ಕೊಲ್ಲುವ ಮಣ್ಣಿನ ಬ್ಯಾಕ್ಟೀರಿಯಾ ಸಿಕ್ಕಿದೆಯೆಂದು ಪ್ರಯೋಗಾಲಯದ ಮುಖ್ಯಸ್ಥರು ಪತ್ರಿಕೆಯವರನ್ನು ಕರೆದು ಸಾರಿದ್ದರು. ಈಗ ಹೊರಗಿನ ತಜ್ಞರ ಎದುರು ಅದು ತೆಪ್ಪಗೆ ಕೂತಿತ್ತು.

ಬ್ಯಾಕ್ಟೀರಿಯಾ ಇದ್ದ ಟ್ಯೂಬನ್ನು ಯಾರೋ ಕದ್ದು ಬೇರೆಯದನ್ನು ಇಟ್ಟಿದ್ದಾರೆ ಎಂದು ಮುಖ್ಯಸ್ಥರು ಸಂಸ್ಥೆಗೆ ದೂರು ಕೊಟ್ಟರು. ಫ್ರೀಜರಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ ಮಾತ್ರ — ಅವರು, ಮತ್ತು ಅವರ ಕೈಕೆಳಗಿನ ಸಂಶೋಧಕಿ. ಅವಳಿಗೋ ಔಷಧ ಕಂಪನಿಯೊಂದರಿಂದ ಕೆಲಸದ ಕರೆ ಬಂದಿತ್ತು. ಅಷ್ಟು ಸಾಕಾಯಿತು. ಅವಳು ಅಮಾನತಾದಳು. ಜತೆಗೆ ಕೂತು ಊಟ ಮಾಡುತ್ತಿದ್ದವರೂ ಮುಖ ತಿರುಗಿಸಿದರು.

ಅವಳ ಸೋದರತ್ತೆ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಸೊಸೆ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಕಳವಾಗಿದೆ ಅಂತ ಗೊತ್ತಾಗಿದ್ದು ಹೇಗೆ?"

"ಟ್ಯೂಬಲ್ಲಿರೋದು ಕೊಲ್ತಾ ಇಲ್ವಲ್ಲ ಅತ್ತೆ."

"ಅದು ಬೇರೆ ಬ್ಯಾಕ್ಟೀರಿಯಾ ಅಂತ ಯಾರಾದ್ರೂ ಪರೀಕ್ಷೆ ಮಾಡಿದ್ರಾ?"

ಯಾರೂ ಮಾಡಿರಲಿಲ್ಲ. ಅದರ ಅಗತ್ಯವೇ ಇಲ್ಲವೆಂದು ಮುಖ್ಯಸ್ಥರು ತಳ್ಳಿಹಾಕಿದ್ದರಂತೆ.

ಅತ್ತೆ ಸಂಸ್ಥೆಯ ನಿರ್ದೇಶಕಿಯನ್ನು ಕಂಡು ಪಟ್ಟು ಹಿಡಿದರು. ಟ್ಯೂಬಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಅದು ಮೊದಲು ಸಿಕ್ಕಾಗ ದಾಖಲಿಸಿಟ್ಟಿದ್ದ ವಂಶವಾಹಿಯೊಂದಿಗೆ ಹೋಲಿಸಿದ್ದಾಯಿತು. ಎರಡೂ ಒಂದೇ! ಯಾರೂ ಏನನ್ನೂ ಬದಲಾಯಿಸಿರಲಿಲ್ಲ.

ಹಾಗಾದರೆ ಅದು ಕೊಲ್ಲುವುದನ್ನು ನಿಲ್ಲಿಸಿದ್ದೇಕೆ?

ನಿರ್ದೇಶಕಿಯ ಕೋಣೆಯ ಗೋಡೆಯಲ್ಲಿ ರೋಗಾಣು ಸತ್ತದ್ದು ಮೊದಲು ಕಂಡ ತಟ್ಟೆಯ ದೊಡ್ಡ ಫೋಟೊ ಇತ್ತು. ಬಂದವರೆಲ್ಲ ನೋಡಿ ಹೊಗಳಿ ಹೋಗುತ್ತಿದ್ದ ಫೋಟೊ. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ, ಮುಖ್ಯಸ್ಥರು ದೂರಿನ ಜತೆ ಲಗತ್ತಿಸಿದ್ದ ಅದೇ ಫೋಟೊ ತರಿಸಿ ಪಕ್ಕದಲ್ಲಿ ಹಿಡಿದರು. ಮುಖ್ಯಸ್ಥರನ್ನೂ ಸೊಸೆಯನ್ನೂ ಕರೆಸಲು ಹೇಳಿದರು.

"ಗೋಡೇಲಿರೋದ್ರಲ್ಲಿ ನಿಮ್ಮ ಬ್ಯಾಕ್ಟೀರಿಯಾ ಪಕ್ಕ ಒಂದು ಹಳದಿ ಚುಕ್ಕೆ ಇದೆ. ರೋಗಾಣು ಸತ್ತಿರೋದೂ ಆ ಚುಕ್ಕೆ ಇರೋ ಕಡೆ ಮಾತ್ರ. ನೀವು ಕೊಟ್ಟಿದ್ರಲ್ಲಿ ಆ ಅಂಚನ್ನೇ ಕತ್ತರಿಸಿದೀರಿ. ಯಾಕೆ ಸರ್?"

ಸೊಸೆ ಎದ್ದು ಹೋಗಿ ಫೋಟೊಗೆ ಮುಖವಿಟ್ಟು ನೋಡಿದಳು.

ಚುಕ್ಕೆ ಇನ್ನೊಂದು ಬ್ಯಾಕ್ಟೀರಿಯಾ ಎಂದಳು. ಮಣ್ಣಿನಲ್ಲಿ ಅವು ಅಕ್ಕಪಕ್ಕ ಬದುಕುವಂಥವು. ಈ ಹಳದಿಯದು ಮಗ್ಗುಲಿಗೆ ಬಂದಾಗಲೇ ನಮ್ಮದು ರೋಗಾಣುವನ್ನು ಕೊಲ್ಲುವ ವಿಷ ತಯಾರಿಸುತ್ತಿರಬೇಕು. ಒಂಟಿಯಾಗಿ ಬೆಳೆಸಿದರೆ ತಯಾರಿಸುವುದಿಲ್ಲ.

"ನೆರೆಯವರೇ ಇಲ್ಲದಿದ್ರೆ ಜಗಳ ಯಾರ ಹತ್ರ ಆಡುತ್ತೆ?" ಎಂದರು ಅತ್ತೆ. "ಆ ನೆರೆಯವನನ್ನ ಓಡಿಸಿದ್ದು ಯಾರು?"

"ನಾನೇ," ಎಂದರು ಮುಖ್ಯಸ್ಥರು.

ಅದನ್ನು ಕಲಬೆರಕೆ ಎಂದುಕೊಂಡಿದ್ದರು. ತಾವೇ ಕೂತು ಬೇರ್ಪಡಿಸಿ, ಹಳದಿಯದನ್ನು ಬಿಸಾಡಿ, ಶುದ್ಧವಾದದ್ದನ್ನು ಫ್ರೀಜರಿನಲ್ಲಿಟ್ಟರು. ಅದು ಕೊಲ್ಲುತ್ತಿಲ್ಲವೆಂಬುದು ತಜ್ಞರು ಬರುವ ಮುಂಚೆಯೇ ಅವರಿಗೆ ಗೊತ್ತಾಗಿತ್ತು. ಫೋಟೊ ನೋಡಿ ಕಾರಣವೂ ಹೊಳೆದಿತ್ತು. ಆದರೆ ಊರಿಗೆಲ್ಲ ಸಾರಿಯಾಗಿತ್ತು. ಸಿಕ್ಕ ಮದ್ದನ್ನು ಕೈಯಾರೆ ಎಸೆದೆ ಎನ್ನಲು ಬಾಯಿ ಬರಲಿಲ್ಲ.

"ಕಳವು ನಡೆದೇ ಇಲ್ಲ," ಎಂದರು ಅತ್ತೆ. "ಗೊತ್ತಿದ್ದೂ ಕಳವಾಯ್ತು ಅಂತ ದೂರು ಕೊಟ್ಟವರೇ ಇಲ್ಲಿ ಅಪರಾಧಿ."

ನಿರ್ದೇಶಕಿ ಮುಖ್ಯಸ್ಥರಿಂದ ಬೀಗದ ಕೈ ಕೇಳಿ ಪಡೆದರು. ಅಮಾನತು ರದ್ದಾಯಿತೆಂದು ಸೊಸೆಗೆ ಹೇಳಿದರು. ಮುಖ್ಯಸ್ಥರು ಕ್ಷಮಿಸು ಎನ್ನಲು ಅವಳ ಕಡೆ ತಿರುಗಿದರು. ಅವಳು ಬಿಡಲಿಲ್ಲ.

"ಅದೆಲ್ಲ ಆಮೇಲೆ ಸರ್. ಆ ಹಳದಿಯದು ಮತ್ತೆ ಬೇಕು. ಆ ಮಣ್ಣು ಎಲ್ಲಿಂದ ಅಗೆದು ತಂದಿದ್ರಿ?"

ಹೊಳೆದಂಡೆಯ ಹಳೆಯ ಇಟ್ಟಿಗೆಗೂಡಿನ ಹಿಂದೆ. ಜಾಗ ಅವರೊಬ್ಬರಿಗೇ ಗೊತ್ತು. ಬಾಯಲ್ಲಿ ಹೇಳಿದರೆ ಸಿಗುವಂಥದ್ದಲ್ಲ.

ಅತ್ತೆ ಕಾರು ತೆಗೆದರು. ಗೂಡಿನ ಹಿಂದೆ ಮುಖ್ಯಸ್ಥರು ಪೊದೆ ಸರಿಸಿ, ಅಲ್ಲಿ ಇಲ್ಲಿ ನೋಡಿ, ಒಂದು ಕಡೆ ಮಂಡಿಯೂರಿ ಕೂತರು. ಸೊಸೆ ಚೀಲದ ಬಾಯಿ ಅಗಲಿಸಿ ಹಿಡಿದಳು.

ಅವರು ಅಗೆದ ಮಣ್ಣಿನಿಂದ ಹುಲ್ಲಿನ ಬೇರೊಂದನ್ನು ಹೆಕ್ಕಿ ತೆಗೆಯಲು ಹೋದಾಗ ಅವಳು ತಡೆದಳು.

"ಏನನ್ನೂ ಆರಿಸಬೇಡಿ ಸರ್. ಇದ್ದಹಾಗೇ ಹಾಕಿ."