ಅಳಿಸಬಾರದ ನಾಲ್ಕು ಸಾಲು

"ಕೈಕಾಲು ಉರಿ, ತುರಿಕೆ, ಗುಳ್ಳೆ... ಏನಾದ್ರೂ ಇದೆಯಾ, ಮಿಸ್ಟರ್ ಆಲ್ಸೀಡ್?" ರಕ್ತ ತೆಗೆಯುತ್ತಲೇ ನರ್ಸ್ ಇಮೆಲ್ಡಾ ಕೇಳಿದರು.

"ಏನೂ ಇಲ್ಲ ತಾಯಿ. ಬೇಕಾದ್ರೆ ಡ್ಯಾನ್ಸ್ ಮಾಡಿ ತೋರಿಸ್ಲಾ?"

ಪಕ್ಕದ ಕುರ್ಚಿಯಲ್ಲಿದ್ದ ಮೊಮ್ಮಗಳು ಡೆಲ್ಫೀನ್ ನಗಲಿಲ್ಲ. ನಿನ್ನೆ ಅಜ್ಜ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿದ್ದನ್ನು ಅವಳು ನೋಡಿದ್ದಳು. ಆದರೂ ಆಸ್ಪತ್ರೆಯವರು ಕೊಟ್ಟ ಮಾತ್ರೆ ಡೈರಿಯಲ್ಲಿ ನಿನ್ನೆಯೂ ಸೇರಿ ನಾಲ್ಕು ದಿನದಿಂದ 'ತೊಂದರೆ ಇಲ್ಲ' ಎಂದೇ ಬರೆದಿದ್ದಳು. ಅಜ್ಜ ಹೇಳುವುದು, ಅವಳು ಬರೆಯುವುದು. ಶಾಲೆಗೆ ರಜೆ ಬಂದಾಗಿನಿಂದ ಇದು ಅವಳದೇ ಕೆಲಸ.

ಅಜ್ಜನಿಗೆ ಶ್ವಾಸಕೋಶದ ಕ್ಯಾನ್ಸರ್. ಹಳೆಯ ಔಷಧಿಗಳು ಯಾವುದೂ ನಾಟುತ್ತಿರಲಿಲ್ಲ. ಗಡ್ಡೆಯಲ್ಲಿ ಒಂದು ಜೀನ್ ಕೆಟ್ಟಿದೆಯಂತೆ. ಅದರ ಆಟವನ್ನೇ ತಡೆಯುವ ಹೊಸ ಮಾತ್ರೆಯನ್ನು ಹ್ಯೂಸ್ಟನ್ನಿನ ಈ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಿದ್ದರು.

"ಮಿಸ್ ಇಮೆಲ್ಡಾ, ಇವತ್ತು ಗಂಟೆಗೊಂದು ಸಲ ಯಾಕೆ ರಕ್ತ ತೆಗೀತಿದೀರಾ?"

"ಮಾತ್ರೆ ಎಷ್ಟು ಹೊತ್ತು ರಕ್ತದಲ್ಲಿರುತ್ತೆ ಅಂತ ನಮಗೇ ಇನ್ನೂ ಪೂರ್ತಿ ಗೊತ್ತಿಲ್ಲ ಪುಟ್ಟಿ."

"ನಿಮಗೇ ಗೊತ್ತಿಲ್ವಾ! ಇಲ್ಲಿವರೆಗೆ ಎಷ್ಟು ಜನ ನುಂಗಿದ್ದಾರೆ?"

"ನಿಮ್ಮಜ್ಜನೂ ಸೇರಿ ಒಂಬತ್ತು. ಒಂದು ಸಲಕ್ಕೆ ಮೂರೇ ಜನ. ಈ ಮೂವರಿಗೆ ತೊಂದರೆ ಆಗ್ಲಿಲ್ಲ ಅಂದ್ರೆ ಮುಂದಿನ ಮೂವರಿಗೆ ಸ್ವಲ್ಪ ಜಾಸ್ತಿ ಕೊಡ್ತೀವಿ."

"ತೊಂದರೆ ಆಗಿಲ್ಲ ಅಂತ ಹೇಗೆ ಗೊತ್ತಾಗುತ್ತೆ?"

"ರಕ್ತ ನೋಡ್ತೀವಿ. ಅವರನ್ನೇ ಕೇಳ್ತೀವಿ. ಆಮೇಲೆ ನೀನು ಬರೀತೀಯಲ್ಲ, ಆ ಡೈರಿ ಓದ್ತೀವಿ."

ರಕ್ತದ ಟ್ಯೂಬು ಕೊಟ್ಟು ಬರಲು ಇಮೆಲ್ಡಾ ಹೊರಗೆ ಹೋದರು. ಡೆಲ್ಫೀನ್ ಡೈರಿ ನೋಡಿದಳು. ಆ ಮುಂದಿನ ಮೂವರು ಯಾರೋ, ಈಗ ಎಲ್ಲಿದ್ದಾರೋ? ಅವರ ಮನೆಯಲ್ಲೂ ಮೊಮ್ಮಕ್ಕಳಿರಬಹುದು.

"ಅಜ್ಜ, ಅವರಿಗೆ ಕಾಲು ತೋರಿಸು."

"ಶ್! ತೋರಿಸಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಕಣೇ. ನನಗೆ ಉಳಿದಿರೋದು ಇದೊಂದೇ."

ಡೆಲ್ಫೀನ್ ಡೈರಿ ಮುಚ್ಚಿದಳು. ಅಜ್ಜ ಲೂಸಿಯಾನಾ ಕಡಲಲ್ಲಿ ನಲವತ್ತು ವರ್ಷ ಸೀಗಡಿ ದೋಣಿ ನಡೆಸಿದವನು.

"ಮಂಜು ಕವಿದಾಗ ಮುಂದಿನ ದೋಣಿಯವರು ಏನೋ ಮಾಡ್ತಿದ್ರು ಅಂದಿದ್ಯಲ್ಲ, ಏನದು?"

"ಎಲ್ಲಿ ಆಳ ಕಮ್ಮಿ ಅಂತ ರೇಡಿಯೋದಲ್ಲಿ ಕೂಗಿ ಹೇಳೋದು. ಇಲ್ದಿದ್ರೆ ಹಿಂದೆ ಬರೋ ದೋಣಿಗಳು ಮರಳಲ್ಲಿ ಸಿಕ್ಕಿಕೊಂಡು..."

ಅಜ್ಜನ ಕಣ್ಣು ಅವಳ ಕೈಲಿದ್ದ ಡೈರಿಯ ಮೇಲೆ ಬಿತ್ತು.

ಇಮೆಲ್ಡಾ ವಾಪಸು ಬಂದಾಗ, "ಇವಳು ಲಾಯರ್ ಆಗೋದು ಗ್ಯಾರಂಟಿ," ಎಂದು ಗೊಣಗುತ್ತ ಅಜ್ಜ ಎಡಗಾಲಿನ ಸಾಕ್ಸ್ ಬಿಚ್ಚಿದ. ಅಂಗಾಲು ಕೆಂಪಗಾಗಿ ಗುಳ್ಳೆ ಎದ್ದಿತ್ತು.

ಇಮೆಲ್ಡಾ ಬೈಯಲಿಲ್ಲ. "ಯಾವತ್ತಿಂದ?"

"ನಾಲ್ಕು ದಿನ ಆಯ್ತು. ಮಾತ್ರೆ ನಿಲ್ಲಿಸ್ತೀರಾ?"

"ಡಾಕ್ಟರ್ ನೋಡಿ ಹೇಳ್ತಾರೆ. ಕೆಲವು ದಿನ ಬಿಟ್ಟು, ಆಮೇಲೆ ಕಮ್ಮಿ ಕೊಡಬಹುದು. ನಿಲ್ಲಿಸಲೂಬಹುದು. ಸುಳ್ಳು ಹೇಳಲ್ಲ ನಾನು."

ಡೆಲ್ಫೀನ್ ಬ್ಯಾಗಿನಿಂದ ವೈಟ್ನರ್ ತೆಗೆದಳು.

"ಅದು ಬೇಡ ಪುಟ್ಟಿ. ಈ ಡೈರೀಲಿ ಅಳಿಸೋ ಹಾಗಿಲ್ಲ. ಒಂದೇ ಗೆರೆ ಎಳಿ, ಮೊದಲು ಬರೆದಿದ್ದೂ ಕಾಣ್ಬೇಕು. ಪಕ್ಕದಲ್ಲಿ ಇವತ್ತಿನ ತಾರೀಖು, ಅಜ್ಜನ ಸಹಿ."

ಅವಳು ನಾಲ್ಕು ಗೆರೆ ಎಳೆದಳು. 'ಎಡಗಾಲು, ಗುಳ್ಳೆ' ಎಂದು ನಾಲ್ಕು ಸಲ ಬರೆದಳು. ಅಜ್ಜ ನಾಲ್ಕು ಸಹಿ ಹಾಕಿದ.

"ಎಡಗಾಲು ಒಂದೇನಾ ಅಜ್ಜ?"

ಅಜ್ಜ ನಿಧಾನವಾಗಿ ಬಗ್ಗಿ ಬಲಗಾಲಿನ ಸಾಕ್ಸನ್ನೂ ಬಿಚ್ಚತೊಡಗಿದ.