ಅತ್ತೆಯ ಬಯಲಾಟ, ಕೃಷ್ಣನ ಪ್ಲೇಯರ್

ಟಿ.ವಿ. ಪರದೆಯ ಮೇಲೆ ಮತ್ತೆ ಅದೇ ಸಾಲು: ಅನ್‌ಸಪೋರ್ಟೆಡ್ ಫೈಲ್.

"ಮತ್ತ ಬರ್ಲಿಲ್ಲೇನಪಾ?" ಹೊರಸಿನ ಮೇಲೆ ಕೂತ ನನ್ನ ಅತ್ತೆ ಗೋಪಮ್ಮ ಕೇಳಿದರು.

"ಇಲ್ಲ ಯವ್ವಾ. ಹಳೇ ಡಿ.ವಿ.ಡಿ. ಪ್ಲೇಯರ್ ಅದ, ಸಿಟ್ಟು ಜಾಸ್ತಿ." ನೆಲದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ ಶೇಖರ ನಕ್ಕರು.

"ಹೊಸಾದು ತರೂದು ಬ್ಯಾಡ ಮತ್ತ. ನನ್ನ ಮಗ ತಂದದ್ದದು."

ಮಗ ತಂದದ್ದು ಯಾವುದೂ ಈ ಮನೆ ಬಿಟ್ಟು ಹೋಗುವುದಿಲ್ಲ. ಪ್ಲೇಯರ್ ಕೂಡ, ನಾನು ಕೂಡ.

ನನ್ನ ಗಂಡ ಕೃಷ್ಣ ತೀರಿಕೊಂಡು ಎರಡು ವರ್ಷ. ಮಾನ್ವಿಯ ಈ ಮನೆಯಲ್ಲಿ ನಾನು ಚಪ್ಪಲಿ ಮೆಟ್ಟಿದರೆ ಸಾಕು, "ಎಲ್ಲಿಗವ್ವಾ?" ಎನ್ನುತ್ತಾರೆ ಅತ್ತೆ. ಆ ದನಿಯಲ್ಲಿ ಗದರಿಕೆ ಇಲ್ಲ, ಹೆದರಿಕೆ ಇದೆ. ಉತ್ತರ ಹೇಳುವುದಕ್ಕಿಂತ ಚಪ್ಪಲಿ ಬಿಡುವುದು ಸುಲಭ.

ಶೇಖರ ಕೃಷ್ಣನ ಗೆಳೆಯರು, ರಾಯಚೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಲೆಕ್ಚರರ್. ತಮ್ಮ ಊರು ಮಲ್ಲಟಕ್ಕೆ ಹೊರಟಾಗ ಇಲ್ಲಿಳಿಯುತ್ತಾರೆ. ಅತ್ತೆಗೆ ಫೋನಿನ ಸಣ್ಣ ಪರದೆ ಕಾಣುವುದಿಲ್ಲ. ದೇವದುರ್ಗದ ನಾದಿನಿ ಡೌನ್‌ಲೋಡ್ ಮಾಡಿಕೊಟ್ಟ ಬಯಲಾಟವನ್ನು ಟಿ.ವಿ.ಯಲ್ಲೇ ನೋಡಬೇಕು. ಪೆನ್‌ಡ್ರೈವ್ ಚುಚ್ಚಿದರೆ ಪ್ಲೇಯರ್ ಓದುವುದಿಲ್ಲ. ಅದಕ್ಕೇ ಈ ಭಾನುವಾರಗಳು. ಅದು ಓದಿದ ದಿನ ಅವರು ಬರುವುದು ನಿಲ್ಲುತ್ತದೆ.

ಚಹಾ ಕೊಡಲು ಬಗ್ಗಿದೆ. ಲ್ಯಾಪ್‌ಟಾಪಿನಲ್ಲಿ ಫೈಲ್ ಬದಲಿಸುವ ಸಾಫ್ಟ್‌ವೇರ್ ತೆರೆದಿತ್ತು. ಹಳೆಯ ಪ್ಲೇಯರ್‌ಗಳು ಓದುವ ಎ.ವಿ.ಐ. ರೂಪಕ್ಕೆ ತಂದಿದ್ದರು, ಸರಿ. ಚಿತ್ರದ ಅಳತೆ ಮಾತ್ರ ಫುಲ್ ಎಚ್.ಡಿ.ಯಲ್ಲೇ ಇತ್ತು. ಅಷ್ಟು ದೊಡ್ಡ ಚಿತ್ರ ಈ ಹಳೆಯ ಡಬ್ಬಿಗೆಲ್ಲಿ ದಕ್ಕೀತು? ಕಂಪ್ಯೂಟರ್ ಪಾಠ ಹೇಳುವವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ?

ಅವರು ತಲೆ ಎತ್ತಿದರು. ನಾನು ಏನು ನೋಡುತ್ತಿದ್ದೇನೆಂದು ತಿಳಿಯಿತು. ಕಿವಿ ಕೆಂಪಾಯಿತು.

"ಸಕ್ಕರಿ ಕಮ್ಮಿ ಆಗೇದೇನ್ರಿ?" ಎಂದೆ.

"ಇಲ್ರಿ." ದನಿ ತಗ್ಗಿಸಿದರು. "ನೀವೂ ಕಂಪ್ಯೂಟರಿನಾಗ ಎಂ.ಎಸ್ಸಿ. ಮಾಡೀರಿ. ಗೊತ್ತಾದ್ರೂ ಯಾಕ ಹೇಳವಲ್ರಿ?"

"ಹೇಳಿದ್ರ ಸರಿ ಆಗ್ತದಲ್ಲ."

ಹೇಳಿ ನಾನೇ ಬೆಚ್ಚಿದೆ. ನನಗೆಂದು ನಾನು ಮಾತಾಡಿ ಬಹಳ ಕಾಲವಾಗಿತ್ತು.

"ಏನವ್ವಾ ಗುಸುಗುಸು?" ಎಂದರು ಅತ್ತೆ. "ಕಣ್ಣು ಮಂದ ಆಗ್ಯಾವ, ಕಿವಿ ಚಲೋ ಅವ. ನೀನರ ನೋಡು ಶಶಿ, ಓದೀಯಲ್ಲ."

ಸರಿ ಮಾಡದಿದ್ದರೆ ಅವರು ಬರುತ್ತಲೇ ಇರುತ್ತಾರೆ. ನಾನು ಇಲ್ಲೇ ಕೂತು ಕಾಯುತ್ತಲೇ ಇರುತ್ತೇನೆ, ಭಾನುವಾರದಿಂದ ಭಾನುವಾರಕ್ಕೆ. ಅದೂ ಇದೇ ನಾಲ್ಕು ಗೋಡೆ.

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡೆ. ಅಳತೆ ಇಳಿಸಿದೆ. ಫೈಲ್ ತಯಾರಾಗುವ ತನಕ ಶೇಖರರ ಚಹಾ ಆರುತ್ತಿತ್ತು. ಪೆನ್‌ಡ್ರೈವ್ ಚುಚ್ಚಿದೆ. ಪರದೆಯ ತುಂಬ ಕಿರೀಟ, ಗೆಜ್ಜೆ, ಕುಣಿತ.

"ಬಂತು! ಬಂತು!" ಅತ್ತೆ ಚಪ್ಪಾಳೆ ತಟ್ಟಿದರು.

ಶೇಖರ ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಬಂದರು. "ಇನ್ನ ಏನು ನೆಪ ಹೇಳಿ ಬರ್ಲಿ?"

"ಬರಬ್ಯಾಡ್ರಿ."

ಅವರ ಮುಖ ಸಣ್ಣಗಾಯಿತು.

"ಮುಂದಿನ ವಾರ ರಾಯಚೂರಿಗೆ ನಾನೇ ಬರ್ತೀನಿ," ಎಂದೆ. "ಈಗ ಬಸ್‌ಸ್ಟ್ಯಾಂಡ್ ತನಕ ಬರ್ತೀನಿ, ನಡೀರಿ."

ಚಪ್ಪಲಿ ಮೆಟ್ಟಿದೆ. ಸದ್ದಿಗೆ ಅತ್ತೆ ತಿರುಗಿದರು. ನಾನು ಆ ಪ್ರಶ್ನೆಗೆ ಕಾದೆ. ಅವರು ನನ್ನನ್ನು ನೋಡಿದರು, ಶೇಖರರನ್ನು ನೋಡಿದರು, ಪ್ಲೇಯರನ್ನು ನೋಡಿದರು.

ಆಮೇಲೆ ರಿಮೋಟ್ ಎತ್ತಿ ದನಿ ಏರಿಸಿದರು.

"ಕತ್ತಲಾಗೂದ್ರೊಳಗ ಬಾರವ್ವಾ."